ಹಳೆಯ ಪೈಪ್ ಆರ್ಗನ್‌ಗಳಿಗೆ ನಮ್ಮ ಪಡುಗಡಲ ದಂಡೆಯಲ್ಲಿ ಒಂದು ಮ್ಯೂಸಿಯಂ: ಬೇಕೇ, ಎಲ್ಲಿ, ಹೇಗೆ?

ಮಾಹಿಮ್ ಕರಾವಳಿ

ಮುಂಬಯಿ, ಪುಣೆ, ಗೋವಾ ಮೂರೂ ಕಡೆಯ ಕನ್ನಡಿಗರು ಈ ಗುಂಪಿನಲ್ಲಿ ಇದ್ದೀರಿ, ಅದಕ್ಕೇ ಇಲ್ಲಿ ಎತ್ತುತ್ತಿದ್ದೇನೆ. ನಮ್ಮ ಸುತ್ತಲಿನ ಹಳೆಯ ಇಗರ್ಜಿಗಳಲ್ಲಿ ಪೈಪ್ ಆರ್ಗನ್‌ಗಳು ಇನ್ನೂ ಉಂಟು. ಕೊಲಾಬಾದ ಹೋಲಿ ನೇಮ್ ಕೆಥೆಡ್ರಲಿನ ದೊಡ್ಡ ಆರ್ಗನ್ನನ್ನು ಮುಂಬಯಿಯವರು ನೋಡಿರಬಹುದು. ಮಂಗಳೂರಿನ ಅಲೋಶಿಯಸ್ ಚಾಪೆಲಿನ ಚಿತ್ರಗಳನ್ನು ಬರೆದ ಇಟಲಿಯ ಬ್ರದರ್ ಮೊಸ್ಕೇನಿಯವರೇ ಅಲ್ಲಿಯೂ ಗೋಡೆಚಿತ್ರ ಮಾಡಿದವರು. ಊರಿನವರು ಆ ಕಾರಣಕ್ಕಾದರೂ ಒಮ್ಮೆ ಹೋಗಿ ಬನ್ನಿ, ಹಾಗೇ ತಲೆ ಎತ್ತಿ ಆರ್ಗನ್ ಕಡೆಗೂ ನೋಡಿ. ಹಳೇ ಗೋವಾದ ಸೆ ಕೆಥೆಡ್ರಲಿನಲ್ಲೂ ಹಳೆಯದೊಂದು ಉಂಟು. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನದು 1881ರದ್ದು, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಮಾಡಿ ಹಡಗಿನಲ್ಲಿ ತಂದದ್ದು.

ಇವೆಲ್ಲ ಹೆಸರಿರುವ ಕಡೆಗಳು. ನನಗೆ ಸಂಕಟ ಆಗುವುದು ಹೆಸರಿಲ್ಲದವುಗಳ ಬಗ್ಗೆ. ನಾನು ಚಿಕ್ಕಂದಿನಿಂದ ಕೊಯರ್‌ನಲ್ಲಿ ಹಾಡುತ್ತಿರುವವಳು. ನಮ್ಮ ಇಗರ್ಜಿಯ ಮೇಲಟ್ಟದಲ್ಲಿ ಒಂದು ಸಣ್ಣ ಆರ್ಗನ್ ಇತ್ತು. ಗಾಳಿ ಸೋರುತ್ತದೆ ಎಂದು ಮೊದಲು ನುಡಿಸುವುದನ್ನು ಬಿಟ್ಟರು. ಆಮೇಲೆ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂತು. ಆಮೇಲೆ ಸ್ಪೀಕರ್ ಇಡಲು ಜಾಗ ಬೇಕೆಂದು ಒಂದು ಸಾಲು ಕೊಳವೆಗಳನ್ನು ಕಳಚಿ ಗೋಣಿಯಲ್ಲಿ ಕಟ್ಟಿ ಇಟ್ಟರು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ರಿಪೇರಿ ಮಾಡುವವರು ಸಿಗಲಿಲ್ಲ, ಯಾರನ್ನು ಕೇಳಬೇಕೆಂದೂ ಗೊತ್ತಿರಲಿಲ್ಲ.

ಜರ್ಮನಿಯಲ್ಲಿ ಇಂಥದ್ದಕ್ಕೇ ಪ್ರಾದೇಶಿಕ ಮ್ಯೂಸಿಯಂಗಳಿವೆ. ಮೆಕ್ಲೆನ್‌ಬುರ್ಗ್ ಪ್ರಾಂತ್ಯದ ಮಾಲ್ಖೊ ಎಂಬ ಪುಟ್ಟ ಊರಿನಲ್ಲಿ, ಹಳೆಯ ಸನ್ಯಾಸಿನಿಯರ ಮಠದೊಳಗೆ ಒಂದುಂಟು: ಆ ಪ್ರಾಂತ್ಯದ ಇಗರ್ಜಿಗಳಲ್ಲಿ ನೆಲೆ ತಪ್ಪಿದ ಆರ್ಗನ್‌ಗಳು ಅಲ್ಲಿಗೆ ಬರುತ್ತವೆ. ಬೋರ್ಗೆನ್‌ಟ್ರೈಖ್‌ನಲ್ಲಿ 1980ರಲ್ಲೇ ಆ ದೇಶದ ಮೊದಲ ಆರ್ಗನ್ ಮ್ಯೂಸಿಯಂ ತೆರೆಯಿತು. ಅದೇ ಊರಿನ ಇಗರ್ಜಿಯಲ್ಲಿ ಬರೋಕ್ ಕಾಲದ ದೊಡ್ಡ ಆರ್ಗನ್ ಇಂದಿಗೂ ಉಂಟು. ಮ್ಯೂಸಿಯಂನಲ್ಲಿ ಅದರ ಒಳಗನ್ನು ತಿಳಿದುಕೊಂಡು, ಇಗರ್ಜಿಗೆ ಹೋಗಿ ಕಿವಿಯಾರೆ ಕೇಳಬಹುದು.

ನಮ್ಮ ಕಡೆಗೂ ಒಂದು ಬೇಕು ಎಂಬುದು ನನ್ನ ಮಾತು. ಗಾಜಿನೊಳಗೆ ಇಟ್ಟು ನೋಡುವ ಮ್ಯೂಸಿಯಂ ಬೇಡ. ನುಡಿಯುವ ಮ್ಯೂಸಿಯಂ ಬೇಕು. ಏನು ಹೇಳುತ್ತೀರಿ?

ನೆರೂಳ್ ಹೊಸಬ

ಅಕ್ಕ, ನಾನು ಪೈಪ್ ಆರ್ಗನ್ ಎದುರು ನಿಂತು ಕೇಳಿಯೇ ಇಲ್ಲ. ಹಾರ್ಮೋನಿಯಂನ ದೊಡ್ಡ ರೂಪ ಅಂತ ಅಂದುಕೊಂಡಿದ್ದೆ. ಒಳಗೆ ಏನಿರುತ್ತೆ, ಯಾರಾದರೂ ಹೇಳ್ತೀರಾ?

ಡೊಂಬಿವಲಿ ಇಂಜಿನಿಯರ್

ನಾನು ಹೇಳ್ತೀನಿ. ಹಾರ್ಮೋನಿಯಂನಲ್ಲಿ ಸ್ವರ ಹುಟ್ಟೋದು ಹಿತ್ತಾಳೆಯ ನಾಲಿಗೆಯಿಂದ, ಅಂದರೆ ರೀಡ್‌ನಿಂದ. ಚೌಕಟ್ಟಿನ ಸೀಳಿನಲ್ಲಿ ಅದು ಎಲ್ಲಿಗೂ ತಾಕದೆ ಆಡುತ್ತೆ. ಅಲ್ಲಿ ಕೊಳವೆ ಇಲ್ಲವೇ ಇಲ್ಲ. ಪೈಪ್ ಆರ್ಗನ್‌ನಲ್ಲಿ ಪ್ರತಿ ಸ್ವರಕ್ಕೂ ಕನಿಷ್ಠ ಒಂದು ಕೊಳವೆ. ಬಹುಪಾಲು ಕೊಳವೆಗಳು ಕೊಳಲಿನ ಜಾತಿ: ಕೆಳಗಡೆ ಬಾಯಿಯಿರುತ್ತೆ, ಅದರ ತುಟಿಗೆ ಗಾಳಿಯ ತೆಳುವಾದ ಹಾಳೆ ಬಡಿದು ಒಳಗಿನ ಗಾಳಿಯ ಕಂಬ ನಡುಗುತ್ತೆ. ಉಳಿದವು ನಾಲಿಗೆ ಇರುವಂಥವು. ಅಲ್ಲಿ ನಾಲಿಗೆ ಒಂದು ಅರೆಕೊಳವೆಗೆ ಬಡಿಯುತ್ತೆ, ಮೇಲಿನ ಕೊಳವೆ ಆ ಧ್ವನಿಗೆ ಬಣ್ಣ ಕೊಡುತ್ತೆ. ಕಹಳೆಯಂಥ ನಾದವೆಲ್ಲ ಅಲ್ಲಿಂದ ಬರೋದು.

ಕೀ ಒತ್ತಿದರೆ ಒಂದು ತೆಳ್ಳನೆಯ ಮರದ ಪಟ್ಟಿ ಎಳೆಯಲ್ಪಟ್ಟು, ಗಾಳಿಪೆಟ್ಟಿಗೆಯೊಳಗಿನ ಮುಚ್ಚಳ ತೆರೆದುಕೊಳ್ಳುತ್ತೆ. ಹಳೆಯ ವಾದ್ಯಗಳಲ್ಲಿ ಇದೆಲ್ಲ ಬರೀ ಮರ, ತಂತಿ, ಚರ್ಮ. ಪಕ್ಕದಲ್ಲಿರುವ ಗುಬುಟುಗಳನ್ನು ಎಳೆದರೆ ಯಾವ ಸಾಲು ನುಡಿಯಬೇಕು ಅಂತ ತೀರ್ಮಾನ ಆಗುತ್ತೆ, ಅವಕ್ಕೆ ಸ್ಟಾಪ್ ಅಂತಾರೆ. ಸ್ಟಾಪ್ ಮೇಲೆ 8 ಅಡಿ, 16 ಅಡಿ ಅಂತ ಬರೆದಿರೋದು ಆ ಸಾಲಿನ ಅತಿ ತಗ್ಗಿನ ಸ್ವರದ ಕೊಳವೆಯ ಉದ್ದ. 8 ಅಡಿ ಅಂದರೆ ಸುಮಾರು 2.4 ಮೀಟರ್. ಅದೇ ವಾದ್ಯದಲ್ಲಿ ಬೆರಳುದ್ದದ ಕೊಳವೆಗಳೂ ಇರುತ್ತವೆ.

ಗಾಳಿಯ ಒತ್ತಡ ಎಷ್ಟಿರಬಹುದು ಅಂತೀರಿ? ನೀರಿನ ಕಂಬದಲ್ಲಿ ಅಳೆದರೆ ಹೆಚ್ಚಾಗಿ 60ರಿಂದ 100 ಮಿಲಿಮೀಟರ್. ಅಷ್ಟೇ! ಇಡೀ ಕೆಥೆಡ್ರಲ್ ತುಂಬುವ ನಾದಕ್ಕೆ ಅಷ್ಟು ಮೆಲ್ಲನೆಯ ಗಾಳಿ ಸಾಕು ಅನ್ನೋದನ್ನ ನೆನೆಸಿಕೊಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತೆ. ಆದರೆ ಒತ್ತಡ ಒಂದೇ ಸಮ ಇರಬೇಕು, ತಿದಿಯ ಚರ್ಮ ಹರಿದರೆ ಎಲ್ಲವೂ ಹಾಳು. ಕರೆಂಟು ಬರುವ ಮೊದಲು ತಿದಿ ಒತ್ತೋದಕ್ಕೇ ಒಬ್ಬ ಆಳು ಹಿಂದೆ ನಿಂತಿರ್ತಿದ್ದ.

ವಾಸ್ಕೋ ಬಡಗಿ

ನಮಸ್ಕಾರ ಎಲ್ಲಾರಿಗೂ. ಬಾಗಲಕೋಟಿ ಕಡೆಯಾಂವ, ವಾಸ್ಕೋದಾಗ ಮರಗೆಲಸ ಮಾಡ್ತೀನಿ. ಇಗರ್ಜಿ ಚಾವಣಿ, ಬಾಗಲಾ, ಪೀಠದ ಕೆಲಸ ಭಾಳ ಮಾಡೇನಿ. ಒಂದ್ ಕಡೆ ಅಟ್ಟದ ಹಲಿಗಿ ಬದಲಿ ಮಾಡಾಕ ಹೋದಾಗ ಆರ್ಗನ್ ಹಿಂದಿನ ಬಾಗಲಾ ತಗದು ಒಳಗ ನೋಡಿದೆ. ಅಕ್ಕಾರ, ಅದರ ಮರಗೆಲಸ ನೋಡಿ ದಂಗಾದೆ. ಉದ್ದಾನ ಚೌಕ ಕೊಳವಿ, ನಾಲ್ಕ ಹಲಿಗಿ ಅಂಟಿಸಿ ಮಾಡ್ಯಾರ, ಸಂದಿನಾಗ ಕೂದಲ ಎಳೀನೂ ಹೋಗಂಗಿಲ್ಲ. ಅಂಥಾ ಕೈ ಈಗ ಎಲ್ಲಿ ಹುಡುಕೂದು?

ಆದ್ರ ಇಲ್ಲಿ ಹವಾಕ್ಕ ಏನೇನ್ ಆಗತೈತಿ ಅನ್ನೂದನ್ನ ಮೊದಲ ತಿಳ್ಕೋರಿ. ಜೂನ್‌ದಿಂದ ಸೆಪ್ಟೆಂಬರ್‌ತನ ಮರ ನೀರ ಕುಡದು ಉಬ್ಬತೈತಿ, ಜಾರೂ ಪಟ್ಟಿ ಜಾಮ್ ಆಕ್ಕಾವು. ಡಿಸೆಂಬರ್‌ದಾಗ ಒಣಗಿ ಬಿರಿತಾವು, ಅಲ್ಲಿಂದ ಗಾಳಿ ಸೋರತೈತಿ. ಸಮುದ್ರದ ಉಪ್ಪಿಗೆ ಕಬ್ಬಿಣದ ಸ್ಕ್ರೂ ತುಕ್ಕ ಹಿಡದು ಮರಾನೂ ಕರ್ರಗ ಮಾಡ್ತಾವು. ಗೆದ್ದಲ ಅಂತೂ ಹೇಳೂದ ಬ್ಯಾಡ. ಇಲಿಗೆ ಹಳೀ ಚರ್ಮ ಅಂದ್ರ ಪಂಚಪ್ರಾಣ. ನಾ ನೋಡಿದ್ದ ಸಾಗವಾನಿ ಮರದ್ದಿತ್ತು, ಅದಕ್ಕ ಉಳದಿತ್ತು.

ಹಂಗಾಗಿ ಮ್ಯೂಸಿಯಂ ಅಂತ ಒಂದ್ ಹಾಲ್ ಕಟ್ಟಿ ಇಟ್ಟಬಿಟ್ರ ಸಾಲಂಗಿಲ್ಲ. ದಿನಾ ನೋಡ್ಕೊಳ್ಳೂ ಮನಷ್ಯಾ ಬೇಕು. ಕಟ್ಟಡಕಿಂತ ಮೊದಲ ಮನಷ್ಯಾ.

ಡೊಂಬಿವಲಿ ಇಂಜಿನಿಯರ್

ಬಡಗಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಇದರ ಜೊತೆಗೆ ಶಾಖದ್ದೂ ಒಂದು ಕಥೆಯಿದೆ. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಶಬ್ದ ವೇಗವಾಗಿ ಓಡುತ್ತೆ, ಕೊಳವೆಯ ಶ್ರುತಿ ಏರುತ್ತೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ 440 ಕಂಪನಕ್ಕೆ ಕೂಡಿಸಿದ ಸ್ವರ 30 ಡಿಗ್ರಿಯಲ್ಲಿ 447ರ ಆಸುಪಾಸಿಗೆ ಹೋಗುತ್ತೆ. ಕೊಳಲಿನ ಜಾತಿಯ ಕೊಳವೆಗಳೆಲ್ಲ ಒಟ್ಟಿಗೆ ಏರೋದರಿಂದ ಅವು ಅವುಗಳೊಳಗೆ ಹೊಂದಿಕೊಂಡೇ ಇರುತ್ತವೆ. ನಾಲಿಗೆಯ ಸಾಲುಗಳು ಅಷ್ಟು ಏರೋದಿಲ್ಲ. ಎರಡನ್ನೂ ಸೇರಿಸಿ ನುಡಿಸಿದಾಗ ಅಪಸ್ವರ. ಮಾರ್ಚ್ ಕಳೆದ ಮೇಲೆ ಆರ್ಗನ್ ಕೆಟ್ಟಿದೆ ಅಂತ ಜನ ಹೇಳೋದರಲ್ಲಿ ಎಷ್ಟೋ ಸಲ ಕೆಟ್ಟಿರೋದು ಏನೂ ಇಲ್ಲ, ಬೇಸಿಗೆ ಬಂದಿದೆ ಅಷ್ಟೆ. ಇಷ್ಟು ಗೊತ್ತಿಲ್ಲದೆ ವಾದ್ಯವನ್ನೇ ಮೂಲೆಗೆ ತಳ್ಳಿದ ಕಡೆಗಳಿವೆ ಅನ್ನೋದು ನನ್ನ ಅನುಮಾನ.

ಹಾಗಂತ ಬಿಸಿಲುನಾಡಿನಲ್ಲಿ ಆರ್ಗನ್ ಉಳಿಯೋದಿಲ್ಲ ಅನ್ನಬೇಡಿ. ಫಿಲಿಪ್ಪೀನ್ಸ್‌ನ ಲಾಸ್ ಪಿನ್ಯಾಸ್ ಊರಿನಲ್ಲಿ ಬಿದಿರಿನ ಆರ್ಗನ್ ಇದೆ. ಡಿಯೇಗೊ ಸೆರಾ ಅನ್ನೋ ಪಾದ್ರಿ 1816ರಲ್ಲಿ ಶುರು ಮಾಡಿ 1824ರಲ್ಲಿ ಮುಗಿಸಿದ್ದು. 1,031 ಕೊಳವೆಗಳಲ್ಲಿ 902 ಬಿದಿರಿನವು! 1973ರಲ್ಲಿ ಅದನ್ನು ಬಿಚ್ಚಿ ಜರ್ಮನಿಯ ಬಾನ್ ನಗರದ ಕ್ಲೈಸ್ ಕಾರ್ಖಾನೆಗೆ ಕಳಿಸಿದರು. ಅಲ್ಲಿ ಫಿಲಿಪ್ಪೀನ್ಸ್‌ನ ಶಾಖ, ತೇವ ಇರುವ ಕೋಣೆಯನ್ನೇ ಮಾಡಿ, ಅದರೊಳಗೆ ಕೆಲಸ ಮಾಡಿ, 1975ರಲ್ಲಿ ವಾಪಸ್ ಕಳಿಸಿದರು. ಈಗಲೂ ಅದು ಅದೇ ಇಗರ್ಜಿಯಲ್ಲಿ ನುಡೀತಿದೆ. ಹವಾ ನಮ್ಮ ಕೊಂಕಣದ ಹವಾಕ್ಕಿಂತ ಒಳ್ಳೆಯದೇನೂ ಅಲ್ಲ.

ವಾಸ್ಕೋ ಬಡಗಿ

ಬಿದರಿಗೆ ಹುಳಾ ಬೀಳಲಿಲ್ಲೇನ್ರಿ ಸರ? ಏನ್ ಹಚ್ಚಿದ್ರಂತ?

ಡೊಂಬಿವಲಿ ಇಂಜಿನಿಯರ್

ಕಡಿದ ಬಿದಿರನ್ನ ಸಮುದ್ರದ ದಂಡೆಯ ಮರಳಿನಲ್ಲಿ ಹೂತಿಟ್ಟು, ಹುಳ ಹಿಡಿಯದೆ ಉಳಿದದ್ದನ್ನ ಮಾತ್ರ ಬಳಸಿದರಂತೆ.

ವಾಸ್ಕೋ ಬಡಗಿ

ಹೌದ? ಶಾಣ್ಯಾ ಪಾದ್ರಿ. ಅವಸರಾ ಮಾಡದ ಮಾಡ್ಯಾನ.

ಪಣಜಿ ಓದುಗ

ಚರ್ಚೆ ಚೆನ್ನಾಗಿ ನಡೆದಿದೆ. ನಾನು ಕಾರವಾರದವನು, ಪಣಜಿಯಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮಾಹಿಮ್ ಅಕ್ಕನ ಕಾಳಜಿ ನನ್ನದೂ ಹೌದು. ಆದರೆ ಮ್ಯೂಸಿಯಂ ಎಂಬ ದಾರಿಯ ಬಗ್ಗೆ ನನಗೆ ಗಟ್ಟಿಯಾದ ತಕರಾರು ಇದೆ. ಅದನ್ನು ಹೇಳುವ ಮೊದಲು ಸ್ವಲ್ಪ ಹಿನ್ನೆಲೆ.

ಭಾರತದ ಆರ್ಗನ್ ಚರಿತ್ರೆಯಲ್ಲಿ ಗೋವಾಕ್ಕೆ ಮೊದಲ ಸಾಲಿನ ಜಾಗವಿದೆ. ಅಕ್ಬರನು 1575ರಲ್ಲಿ ಹಾಜಿ ಹಬೀಬುಲ್ಲಾ ಎಂಬಾತನನ್ನು ಅಪರೂಪದ ವಸ್ತುಗಳನ್ನೂ ಕಸುಬುಗಳನ್ನೂ ತರಲೆಂದು ಗೋವಾಕ್ಕೆ ಕಳಿಸಿದ. ಆತ ತಂದವುಗಳಲ್ಲಿ ಆರ್ಗನ್ನೂ ಒಂದು. ಅಕ್ಬರನ ಆಸ್ಥಾನದ ಇತಿಹಾಸಕಾರ ಬದಾಯೂನಿ ಅದನ್ನು ವರ್ಣಿಸಿದ್ದಾನೆ: ಆಳೆತ್ತರದ ಪೆಟ್ಟಿಗೆ, ಒಳಗೊಬ್ಬ ಫರಂಗಿ ಕೂತು ನುಡಿಸುತ್ತಾನೆ, ಹೊರಗೆ ಇನ್ನಿಬ್ಬರು, ನವಿಲುಗರಿಯ ಅಲಂಕಾರ. ಕೇಳಿದವರು ಬೆರಗಾದರು ಎಂಬುದು ಆ ಬರಹದಲ್ಲೇ ಕಾಣುತ್ತದೆ. ಅದನ್ನು ನುಡಿಸಬಲ್ಲವರು ಆಗ ಗೋವಾದಲ್ಲಿ ಇದ್ದರು, ಕಲಿಯುವವರೂ ಇದ್ದರು. ಇಗರ್ಜಿಯ ಶಾಲೆಗಳಲ್ಲಿ ಮೆಸ್ತ್ರಿಗಳು, ಅಂದರೆ ಸಂಗೀತದ ಮೇಷ್ಟ್ರುಗಳು, ಮಕ್ಕಳಿಗೆ ಸ್ವರ ಓದುವುದನ್ನೂ ಪಿಟೀಲನ್ನೂ ಕಲಿಸಿದ್ದರಿಂದಲೇ ಗೋವಾದ ವಾದಕರು ಮುಂದೆ ಮುಂಬಯಿಯ ಬ್ಯಾಂಡುಗಳಲ್ಲಿ, ಸಿನಿಮಾ ವಾದ್ಯಗೋಷ್ಠಿಗಳಲ್ಲಿ ತುಂಬಿಕೊಂಡರು.

ಪೋರ್ಚುಗೀಸರು ತಮ್ಮ ವಸಾಹತುಗಳಿಗೆಲ್ಲ ಆರ್ಗನ್ ಕಳಿಸಿದವರು. ಬ್ರೆಜಿಲಿನ ಮರಿಯಾನಾ ಕೆಥೆಡ್ರಲಿನಲ್ಲಿ ಜರ್ಮನಿಯ ಹೆಸರಾಂತ ಕುಶಲಕರ್ಮಿ ಆರ್ಪ್ ಶ್ನಿಟ್ಗರ್‌ನ ಆರ್ಗನ್ ಇದೆ, 1753ರಲ್ಲಿ ರಾಜನ ಕೊಡುಗೆಯಾಗಿ ಹೋದದ್ದು. ಲಿಸ್ಬನ್ ಬಳಿಯ ಮಾಫ್ರಾದಲ್ಲಿ ಒಂದೇ ಬಸಿಲಿಕಾದಲ್ಲಿ ಆರು ಆರ್ಗನ್‌ಗಳು, 2010ರಲ್ಲಿ ಆರನ್ನೂ ಸರಿಪಡಿಸಿ ಮುಗಿಸಿದರು. ಗೋವಾದ ಪಾಲಿಗೆ ಬಂದದ್ದು ಬೇರೆ. 1835ರಲ್ಲಿ ಇಲ್ಲಿನ ಧಾರ್ಮಿಕ ಸಂಘಗಳನ್ನು ಮುಚ್ಚಿದರು, ಹಳೇ ಗೋವಾದ ಮಠಗಳು ಬರಿದಾದವು. ಸಂತ ಆಗಸ್ಟೀನರ ಇಗರ್ಜಿಯ ಕಮಾನು 1842ರಲ್ಲಿ ಕುಸಿಯಿತು. ಈಗ ನೋಡಸಿಗುವುದು ಮುರುಕು ಗೋಪುರ ಒಂದೇ.

ಇನ್ನು ತಕರಾರು. ಆರ್ಗನ್ ಅನ್ನು ಮಾಡುವವನು ಕಾರ್ಖಾನೆಯಲ್ಲಿ ಅರ್ಧ ಕೆಲಸ ಮಾಡುತ್ತಾನೆ, ಉಳಿದರ್ಧ ಇಗರ್ಜಿಯೊಳಗೆ. ಕಲ್ಲಿನ ಗೋಡೆ, ಚಾವಣಿಯ ಎತ್ತರ, ದನಿ ಎಷ್ಟು ಹೊತ್ತು ಮೊಳಗುತ್ತದೆ, ಇವನ್ನೆಲ್ಲ ಕೇಳಿಕೊಂಡು ಒಂದೊಂದು ಕೊಳವೆಯ ಬಾಯನ್ನೂ ತಿದ್ದಿ ಕೂರಿಸುತ್ತಾನೆ. ಅದನ್ನು ಕಿತ್ತು ತಂದು ಮ್ಯೂಸಿಯಂ ಹಾಲಿನಲ್ಲಿ ಇಟ್ಟರೆ ಅದು ಬೇರೆಯೇ ವಾದ್ಯ. ಮೇಲಾಗಿ, ‘ಮ್ಯೂಸಿಯಂ ಇದೆಯಲ್ಲ, ಅಲ್ಲಿಗೆ ಕೊಟ್ಟುಬಿಡೋಣ’ ಎಂದು ಇಗರ್ಜಿಗಳೇ ಕೈತೊಳೆದುಕೊಳ್ಳಲು ದಾರಿ ಮಾಡಿಕೊಟ್ಟ ಹಾಗೆ ಆಗುತ್ತದೆ. ನನ್ನ ಮಟ್ಟಿಗೆ, ಇದ್ದಲ್ಲೇ ಉಳಿಸುವುದೊಂದೇ ದಾರಿ.

ಮಾಹಿಮ್ ಕರಾವಳಿ

ಸರ್, ಇದ್ದಲ್ಲೇ ಉಳಿಸಬಹುದಾದರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ, ಅದರಲ್ಲಿ ನಿಮಗೂ ನನಗೂ ಭೇದ ಇಲ್ಲ. ನಾನು ಕೇಳುವುದು ಗೋಣಿಯಲ್ಲಿ ಕಟ್ಟಿಟ್ಟದ್ದರ ಬಗ್ಗೆ. ಈಗಾಗಲೇ ಕಳಚಿದ್ದು, ಕಟ್ಟಡವೇ ಬಿದ್ದದ್ದು, ಇಗರ್ಜಿ ಹೊಸದಾಗಿ ಕಟ್ಟುವಾಗ ಅಟ್ಟವನ್ನೇ ತೆಗೆದದ್ದು. ಅವಕ್ಕೆ ‘ಇದ್ದಲ್ಲಿ’ ಎಂಬುದು ಎಲ್ಲಿ ಉಂಟು? ಗುಜರಿ ಅಂಗಡಿಯಲ್ಲಿ ತವರ, ಸೀಸಕ್ಕೆ ಕಿಲೋ ಲೆಕ್ಕದ ಬೆಲೆ ಉಂಟು ಮಾರಾಯ್ರೆ. ಆರ್ಗನ್ ಕೊಳವೆಗಳು ಬಹಳಷ್ಟು ಅವೆರಡರ ಮಿಶ್ರಣವೇ.

ಟೌನ್ ಹಾಲಿನದ್ದೇ ನೋಡಿ, ಈಗ ಏಷ್ಯಾಟಿಕ್ ಸೊಸೈಟಿ ಇರುವ ಆ ಮೆಟ್ಟಿಲಿನ ಕಟ್ಟಡ. 1870ರಲ್ಲಿ ಡ್ಯೂಕ್ ಆಫ್ ಎಡಿನ್‌ಬರಾ ಮುಂಬಯಿಗೆ ಬಂದ ನೆನಪಿಗೆ ವ್ಯಾಪಾರಿ ಆಲ್ಬರ್ಟ್ ಸಸೂನ್ ಅಲ್ಲಿಗೆ ಆರ್ಗನ್ ಕೊಟ್ಟಿದ್ದರು. ಮುಂಬಯಿಯವರಲ್ಲಿ ಎಷ್ಟು ಮಂದಿಗೆ ಅದು ಗೊತ್ತುಂಟು? ಇಗರ್ಜಿಯ ಹೊರಗೂ ಈ ವಾದ್ಯ ಇತ್ತು ಎಂಬ ನೆನಪೇ ಊರಿನಿಂದ ಅಳಿಸಿಹೋಗಿದೆ.

ಪುಣೆ ಪೇಟಿ

ತಡಾ ಆಗಿ ಬಂದೆ, ಕ್ಷಮಿಸ್ರಿ. ನಾ ಧಾರವಾಡದಾಂವ, ಪುಣೆ ಸದಾಶಿವ ಪೇಠದಾಗ ಹಾರ್ಮೋನಿಯಂ ಮತ್ತ ಆರ್ಗನ್ ರಿಪೇರಿ ಕೆಲಸ ಮಾಡ್ತೀನಿ. ಆರ್ಗನ್ ಅಂದ್ರ ನಮ್ಮ ಕಡೆ ಕಾಲಪೇಟಿ, ಕಾಲಿಲೆ ತಿದಿ ಒತ್ತೂದು, ಒಳಗ ರೀಡು. ಕೊಳವಿ ಇಲ್ಲ.

ನನ್ನ ಮಾತು ಏನಂದ್ರ, ಪ್ರಾದೇಶಿಕ ಮ್ಯೂಸಿಯಂ ಅಂತ ಮಾಡಿದ್ರ ಈ ಪ್ರದೇಶದ್ದು ಎಲ್ಲಾನೂ ಬರಬೇಕು. ಇಗರ್ಜಿಯಿಂದ ಹೊರಗ ಬಂದು ಈ ವಾದ್ಯ ನಮ್ಮ ಮಂದಿ ಬಾಳ್ವಿಯೊಳಗ ಹೊಕ್ಕಿದ್ದು ನಾಟಕದ ಕಂಪನಿಗಳಿಂದ. ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲಾದ ಗುರ್ಲಹೊಸೂರಿನವರು, 1880ರೊಳಗ ಪುಣೆದಾಗ ಅವರು ಸಂಗೀತ ನಾಟಕ ಆಡಿಸಿದ ಮ್ಯಾಲೆ ಮರಾಠಿ ರಂಗಭೂಮಿ ದಿಕ್ಕೇ ಬದಲಾತು. ಮುಂದ ಬಾಲಗಂಧರ್ವರ ಗಂಧರ್ವ ನಾಟಕ ಮಂಡಳಿ 1913ರಾಗ ಸುರು ಆತು, ಅಲ್ಲಿ ಸಾರಂಗಿ, ತಬಲಾ ಜೋಡಿ ಆರ್ಗನ್ನೂ ಇರತಿತ್ತು. ನಮ್ಮ ಕನ್ನಡ ಕಂಪನಿಗಳ ಪೇಟಿ ಮಾಸ್ತರು ಕಾಲ ಹಾರ್ಮೋನಿಯಂ ಮ್ಯಾಲೆ ಸೂರು ಹಿಡದ್ರ ಕಡೀ ಸಾಲಿನ ಪ್ರೇಕ್ಷಕಗೂ ಮುಟ್ಟತಿತ್ತು, ಮೈಕ್ ಇಲ್ಲದ ಕಾಲ ಅದು.

ಹಾರ್ಮೋನಿಯಂ ಪ್ಯಾರಿಸ್‌ದಾಗ 1840ರ ಸುಮಾರು ದೆಬೇನ್ ಅನ್ನಾಂವ ಪೇಟೆಂಟ್ ಮಾಡಿದ್ದು. ಅದನ್ನ ನೆಲದ ಮ್ಯಾಲೆ ಕೂತು ಕೈಲೆ ಗಾಳಿ ಹಾಕೂಹಂಗ ಮಾಡಿದ್ದು ಕಲಕತ್ತಾದ ದ್ವಾರಕಾನಾಥ ಘೋಷ್, 1875ರೊಳಗ. ಆಕಾಶವಾಣಿ 1940ರಿಂದ 1971ರ ತನಕ ಹಾರ್ಮೋನಿಯಂ ಹೊರಗಿಟ್ಟಿತ್ತು. ಆದ್ರೂ ಅದು ಸಾಯಲಿಲ್ಲ, ಯಾಕಂದ್ರ ಮಂದಿ ಬಿಡಲಿಲ್ಲ. ಇವತ್ತಿಗೂ ಗುಜರಾತದ ಪಾಲಿತಾಣಾ ರೀಡಿಗೆ ಮರ್ಯಾದಿ ಅದ. ರಿಪೇರಿ ಮಾಡಾವರು ಓಣಿಗೊಬ್ಬರು ಸಿಗತಾರ. ಪೈಪ್ ಆರ್ಗನ್‌ಗೆ ಇಲ್ಲದ್ದು ಅದೇ, ಮಂದಿ. ನಮ್ಮ ಕಾಲಪೇಟಿನೂ ಅಲ್ಲಿ ಬಂದ್ರ, ಆ ಮಂದಿನೂ ಬೆನ್ನಹಿಂದ ಬರ್ತಾರ.

ಡೊಂಬಿವಲಿ ಇಂಜಿನಿಯರ್

ಪೇಟಿಯವರೇ, ನಿಮ್ಮ ಮೇಲೆ ತುಂಬ ಗೌರವ ಇಟ್ಟುಕೊಂಡೇ ವಿರೋಧಿಸ್ತೀನಿ. ಕಾಲುಪೆಟ್ಟಿಗೆಗಳು ನೂರಾರು ಬಂದು ಸೇರುತ್ತವೆ, ಸಾಗಿಸೋದು ಸುಲಭ, ಮನೆಮನೆಯಲ್ಲೂ ಒಂದೊಂದು ಬಿದ್ದಿರುತ್ತೆ. ಪೈಪ್ ಆರ್ಗನ್ ಒಂದನ್ನ ತಂದು ನಿಲ್ಲಿಸೋಕೆ ತಿಂಗಳುಗಟ್ಟಲೆ ಬೇಕು. ಐದು ವರ್ಷದಲ್ಲಿ ಹಾಲ್ ತುಂಬ ಪೆಟ್ಟಿಗೆಗಳಿರುತ್ತವೆ, ಕೊಳವೆಗಳು ಹಿಂದಿನ ಗೋಡೌನ್‌ನಲ್ಲಿ. ತುರ್ತಾಗಿ ಸಾಯ್ತಿರೋದು ಯಾವುದು ಅಂತ ನೋಡಿ ಮೊದಲು ಅದಕ್ಕೆ ಹಾಸಿಗೆ ಕೊಡಬೇಕು.

ಪುಣೆ ಪೇಟಿ

ನಿಮ್ಮ ಅಂಜಿಕಿ ಖರೇ ಅದ. ವಾದ್ಯಾ ತುಂಬಸ್ರಿ ಅಂತ ನಾ ಹೇಳವಲ್ಲೆ. ವರ್ಕಶಾಪ್ ಕೂಡೇ ಇರಲಿ ಅಂತ ಹೇಳಾಕತ್ತೇನಿ. ಚರ್ಮ ಕತ್ತರಿಸೂದು, ಸರಸ (ಅಂಟು) ಹಚ್ಚೂದು, ತಿದಿ ಮಡಚೂದು, ಗಾಳಿ ಎಲ್ಲಿ ಸೋರತದ ಅಂತ ಹುಡುಕೂದು: ಇದರೊಳಗ ಅರ್ಧ ಕೆಲಸ ನಮ್ಮ ಹುಡುಗರಿಗೆ ಈಗ ಬರತದ. ಜರ್ಮನಿಯಿಂದ ಒಬ್ಬ ಮಾಸ್ತರ ಬಂದು ಉಳದರ್ಧ ಕಲಿಸಿದ್ರ, ಹತ್ತ ವರ್ಷದಾಗ ಇಲ್ಲೇ ಕೈ ತಯಾರಾಗತಾವ. ಕಾಲಪೇಟಿ ಬಿಟ್ಟು ಬರೇ ಕೊಳವಿ ಮ್ಯಾಲೆ ಯಾವ ಹುಡುಗನ ಹೊಟ್ಟಿ ತುಂಬತದ ಹೇಳ್ರಿ? ತಿಂಗಳಾ ಬರೂ ಕೆಲಸ ಹಾರ್ಮೋನಿಯಂದು, ವರ್ಷಕ್ಕೊಂದು ಬರೂ ಕೆಲಸ ಆರ್ಗನ್‌ದು. ಎರಡೂ ಕೂಡಿದ್ರನ ಅಂಗಡಿ ನಡೀತದ.

ಮಾಹಿಮ್ ಕರಾವಳಿ

ಪುಣೆಯವರು ಹೇಳಿದ ಈ ಮಾತು ನನ್ನ ತಲೆಗೆ ಬಂದೇ ಇರಲಿಲ್ಲ, ಆದರೆ ಇಡೀ ಚರ್ಚೆಯಲ್ಲಿ ಗಟ್ಟಿಯಾದದ್ದು ಇದೇ. ಜರ್ಮನಿಯ ಲೆಕ್ಕ ನೋಡಿ: ಸುಮಾರು 50,000 ಆರ್ಗನ್, ಅವನ್ನು ಮಾಡುವ, ನೋಡಿಕೊಳ್ಳುವ 400 ಕಾರ್ಯಾಗಾರ, 2,800 ಕೆಲಸಗಾರರು. ಲುಡ್‌ವಿಗ್ಸ್‌ಬುರ್ಗ್‌ನಲ್ಲಿ ಈ ಕಸುಬು ಕಲಿಸಲಿಕ್ಕೆಂದೇ ಶಾಲೆ ಉಂಟು, ಮೂರೂವರೆ ವರ್ಷ ಕಾರ್ಯಾಗಾರದಲ್ಲಿ ದುಡಿಯುತ್ತಾ ಕಲಿಯಬೇಕು. 2017ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಆರ್ಗನ್ ಮಾಡುವ ಕಸುಬನ್ನೂ ಅದರ ಸಂಗೀತವನ್ನೂ. ಗೌರವ ಸಂದದ್ದು ಕೈಗಳಿಗೆ.

ನೆರೂಳ್ ಹೊಸಬ

ಹಾಗಾದರೆ ಮ್ಯೂಸಿಯಂನಲ್ಲಿ ನಮ್ಮಂಥವರು ಮುಟ್ಟಿ ನುಡಿಸಬಹುದಾ? ಇಲ್ಲಾಂದ್ರೆ ಹಗ್ಗ ಕಟ್ಟಿ ದೂರ ನಿಲ್ಲಿಸ್ತಾರಾ? ನನಗೆ ಅದೇ ಮುಖ್ಯ. ಮುಟ್ಟದೆ ಹೋದರೆ ನನ್ನ ವಯಸ್ಸಿನವರು ಯಾರೂ ಎರಡನೇ ಸಲ ಬರಲ್ಲ.

ಪಣಜಿ ಓದುಗ

ಒಳ್ಳೆಯ ಪ್ರಶ್ನೆ ತಮ್ಮಾ. ಇದಕ್ಕೆ ನಮ್ಮ ಕನ್ನಡನಾಡಿನದೇ ಉದಾಹರಣೆ ಇದೆ. ಟಿಪ್ಪುವಿನ ಹುಲಿ ಗೊತ್ತಲ್ಲ, ಯುರೋಪಿನ ಸಿಪಾಯಿಯ ಮೇಲೆ ಎರಗಿರುವ ಮರದ ಹುಲಿ. ಅದರ ಹೊಟ್ಟೆಯೊಳಗೆ ಇರುವುದು ಪೈಪ್ ಆರ್ಗನ್ನೇ. ತಿರುಗಣೆ ತಿರುಗಿಸಿದರೆ ತಿದಿಗಳಿಂದ ಗಾಳಿ ಹೊರಟು ಹುಲಿ ಗರ್ಜಿಸುತ್ತದೆ, ಸಿಪಾಯಿ ನರಳುತ್ತಾನೆ, ಅವನ ಕೈ ಮೇಲೇಳುತ್ತದೆ. ಪಕ್ಕೆಯ ಬಾಗಿಲು ತೆರೆದರೆ ಒಳಗೆ 18 ಸ್ವರಗಳ ಗುಂಡಿಗಳ ಸಾಲು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಲಂಡನ್‌ಗೆ ಒಯ್ದರು. ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಯಾರು ಬೇಕಾದರೂ ತಿರುಗಣೆ ತಿರುಗಿಸಬಹುದಿತ್ತು. ಬಂದವರೆಲ್ಲ ತಿರುಗಿಸಿದರು. ಪಕ್ಕದಲ್ಲಿ ಓದಲು ಕೂತವರು ಆ ಗರ್ಜನೆಗೆ ರೋಸಿಹೋಗಿ ದೂರು ಹೇಳುವ ಮಟ್ಟಕ್ಕೆ ಹೋಯಿತು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಜಖಂ ಆಗಿ, ಆಮೇಲೆ ದುರಸ್ತಿ ಆಯಿತು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಗಾಜಿನೊಳಗಿದೆ. ನಮ್ಮ ನಾಡಿನ ಎಲ್ಲಕ್ಕಿಂತ ಹೆಸರಾದ ಆರ್ಗನ್ನು ಪರದೇಶದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದೆ ಎನ್ನುವುದು ನನ್ನನ್ನು ಕಾಡುತ್ತದೆ. ಆದರೆ ಎಲ್ಲರ ಕೈಗೂ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಅದೇ ಹುಲಿ ಹೇಳುತ್ತದೆ.

ಆದ್ದರಿಂದ ಎರಡು ಬಗೆ ಇರಬೇಕು. ಹಳೆಯದನ್ನು ಬಲ್ಲವರು ನುಡಿಸಲಿ, ಗೊತ್ತುಮಾಡಿದ ಹೊತ್ತಿಗೆ ಎಲ್ಲರೂ ಕೇಳಲಿ. ಮುಟ್ಟಿ ಕಲಿಯಲು ಹೊಸದಾಗಿ ಒಂದು ಚಿಕ್ಕ ಮಾದರಿ ಮಾಡಿಸಿ, ಪಕ್ಕದ ಹಲಗೆಯ ಬದಲು ಗಾಜು ಹಾಕಿ, ತಿದಿಯನ್ನು ಮಕ್ಕಳೇ ಒತ್ತುವ ಹಾಗೆ ಇಡಿ.

ವಾಸ್ಕೋ ಬಡಗಿ

ಮಾದರಿ ನಾ ಮಾಡ್ತೀನ್ರಿ. ಮರದ ಕೊಳವಿ ಒಂದ್ ಸಾಲ ಸಾಕಲ್ಲ? ಅಳತಿ ಕೊಡ್ರಿ. ಬಾಯಿ ತಿದ್ದೂದ ಮಾತ್ರ ಯಾರಾರ ಹೇಳಿಕೊಡಬೇಕು.

ಡೊಂಬಿವಲಿ ಇಂಜಿನಿಯರ್

ಅಳತೆ ನಾನು ಲೆಕ್ಕ ಹಾಕಿ ಕಳಿಸ್ತೀನಿ. ತುದಿ ಮುಚ್ಚಿದ ಕೊಳವೆ ಮಾಡೋಣ. ಮುಚ್ಚಿದರೆ ಅದೇ ಉದ್ದಕ್ಕೆ ಒಂದು ಸ್ಥಾಯಿ ಕೆಳಗೆ ನುಡಿಯುತ್ತೆ, ಮರ ಅರ್ಧ ಉಳಿಯುತ್ತೆ. ಬಾಯಿ ತಿದ್ದೋದಕ್ಕೆ ಪುಣೆಯವರ ಕಿವಿ ಬೇಕಾಗುತ್ತೆ.

ಪಣಜಿ ಓದುಗ

ಜಾಗದ ಬಗ್ಗೆ. ಹಳೇ ಗೋವಾದ ಸಾಂತಾ ಮೋನಿಕಾ ಮಠದಲ್ಲಿರುವ ಕ್ರೈಸ್ತ ಕಲಾ ಮ್ಯೂಸಿಯಂ ನೋಡಿದವರಿಗೆ ಗೊತ್ತು, ಅದು 1994ರಲ್ಲಿ ರಾಶೋಲ್ ಸೆಮಿನರಿಯಲ್ಲಿ ಶುರುವಾದದ್ದು, 2002ರಲ್ಲಿ ಸಾಂತಾ ಮೋನಿಕಾಕ್ಕೆ ಬಂತು. ದೊಡ್ಡ ದುರಸ್ತಿಯ ನಂತರ 2022ರಲ್ಲಿ ಮತ್ತೆ ತೆರೆಯಿತು. ಪೋರ್ಚುಗಲ್ಲಿನ ಗುಲ್ಬೆಂಕಿಯನ್ ಪ್ರತಿಷ್ಠಾನ, ಪರಂಪರೆ ಉಳಿಸುವ ನಮ್ಮ ಸಂಸ್ಥೆ ಇಂಟ್ಯಾಕ್ ಕೈಜೋಡಿಸಿದ್ದರಿಂದ ಅದು ನಿಂತಿತು. ಪೂಜೆಗೆ ಬಳಕೆಯಲ್ಲಿದ್ದ ವಸ್ತುಗಳನ್ನು ಗೌರವದಿಂದ, ಅವುಗಳ ಇಗರ್ಜಿಯ ಹೆಸರಿನೊಂದಿಗೆ ಇಡಬಹುದು ಎಂಬುದಕ್ಕೆ ಗೋವಾದಲ್ಲೇ ದಾರಿ ಇದೆ.

ಅಕ್ಕ ಕೇಳಿದ ಗೋಣಿಚೀಲದ ಪ್ರಶ್ನೆಗೆ ನನ್ನ ಉತ್ತರ: ಕಳಚಿ ಬಿದ್ದಿರುವುದು ಬರಲಿ, ಆದರೆ ಮ್ಯೂಸಿಯಂ ಒಡೆಯನಾಗಬಾರದು. ಇಗರ್ಜಿಯೇ ಒಡೆಯ, ಮ್ಯೂಸಿಯಂಗೆ ಕಡವಾಗಿ ಕೊಟ್ಟದ್ದು ಎಂದು ಕಾಗದದಲ್ಲಿ ಬರೆದಿರಬೇಕು. ಊರಿನವರು ಮುಂದೆ ಕೇಳಿದರೆ ಸರಿಪಡಿಸಿದ ಸ್ಥಿತಿಯಲ್ಲಿ ವಾಪಸ್ ಹೋಗಬೇಕು. ಗಟ್ಟಿಯಾಗಿ ನಿಂತಿರುವುದನ್ನು ಯಾರೂ ಕದಲಿಸಬಾರದು. ಇಷ್ಟಕ್ಕೆ ಒಪ್ಪಿಗೆಯಿದ್ದರೆ ನನ್ನ ವಿರೋಧ ಇಲ್ಲ.

ಮಾಹಿಮ್ ಕರಾವಳಿ

ಒಪ್ಪಿಗೆ, ಸರ್. ಮನಸ್ಸಿನಿಂದ ಒಪ್ಪಿಗೆ.

ಹಾಗಾದರೆ ಕಟ್ಟಡದ ಮಾತು ಆಮೇಲೆ. ಮೊದಲು ಎಲ್ಲೆಲ್ಲಿ ಏನುಂಟು ಎಂದು ಬರೆದಿಡೋಣ. ನಿಮ್ಮ ಹತ್ತಿರದ ಇಗರ್ಜಿಗೆ ಹೋದರೆ ಮೊದಲು ಫಾದರ್ ಹತ್ತಿರ ಕೇಳಿ, ಅವರು ಬೇಡ ಎಂದರೆ ಕೈಮುಗಿದು ಬನ್ನಿ. ಹೌದೆಂದರೆ ಫೋಟೋ ತೆಗೆಯಿರಿ: ಎದುರಿನ ಪೂರ್ತಿ ನೋಟ, ಕೀಗಳ ಮೇಲಿನ ಹಲಗೆಯಲ್ಲಿ ಮಾಡಿದವರ ಹೆಸರಿನ ಫಲಕ, ಪ್ರತಿ ಸ್ಟಾಪಿನ ಮೇಲೆ ಬರೆದದ್ದು, ಕಾಲಿನ ಕೀಗಳು ಇದ್ದರೆ ಅವು. ಒಳಗಿನ ಮರದ ಮೇಲೆ ಪೆನ್ಸಿಲಿನಲ್ಲಿ ಹೆಸರು, ತಾರೀಕು ಬರೆದಿರುವುದು ಉಂಟು, ಟಾರ್ಚ್ ಹಾಕಿ ನೋಡಿ. ಮುದುಕರಾದ ಕೊಯರ್ ಮೆಸ್ತ್ರಿ ಯಾರಾದರೂ ಇದ್ದರೆ ಅವರನ್ನು ಕೂರಿಸಿ ಮಾತಾಡಿಸಿ, ಫೋನಿನಲ್ಲಿ ದಾಖಲಿಸಿ. ಫೋಟೋಕ್ಕಿಂತ ಅದು ಹೆಚ್ಚಿನದ್ದು.

ಪುಣೆ ಪೇಟಿ

ಒಂದೆರಡು ಜೋಪಾನದ ಮಾತು ನಂದೂ ಸೇರಸ್ರಿ ಅಕ್ಕಾರ. ವರ್ಷಾನಗಟ್ಟಲೆ ಬಂದ ಇಟ್ಟಿದ್ದ ಬ್ಲೋವರ್ (ಗಾಳಿ ಊದೂ) ಮೋಟರಿಗೆ ಕರೆಂಟ್ ಕೊಡಬ್ಯಾಡ್ರಿ. ಹಳೀ ವೈರಿಂಗ್ ಬೆಂಕಿ ಹತ್ತಬಹುದು, ಒಳಗಿನ ಧೂಳಾ ಎಲ್ಲಾ ಗಾಳಿಪೆಟ್ಟಿಗಿಯೊಳಗ ಹೋಗಿ ಕೂಡತದ. ಕೊಳವಿ ಕೀಳಬ್ಯಾಡ್ರಿ, ಬಾಯಿಲೆ ಊದಂತೂ ಊದಬ್ಯಾಡ್ರಿ. ಸೀಸದ ಬಿಳೀ ಪುಡಿ ವಿಷ, ಮುಟ್ಟಿದ್ರ ಕೈ ಸಾಬೂನು ಹಚ್ಚಿ ತೊಳಕೋರಿ. ಮತ್ತ ನೆನಪಿಗಂತ ಒಂದ ಸಣ್ಣ ಕೊಳವಿ ಕಿಸೆದಾಗ ಹಾಕ್ಕೊಂಡ ಹೋಗಾವರು ಇರ್ತಾರ. ಒಂದ ಕೊಳವಿ ಹೋದ್ರ ಒಂದ ಸೂರು ಹೋದಂಗ.

ಪುಣೆ ಕ್ಯಾಂಪ್ ಭಾಗದ ಇಗರ್ಜಿಗಳು ನನ್ನ ಪಾಲಿಗಿರಲಿ. ಅಲ್ಲೇ ಒಂದೆರಡು ಕಡೆ ಪಿಯಾನೋ ಕೆಲಸಕ್ಕ ಹೋಗಿ ಬಂದ ಪರಿಚಯ ಅದ.

ನೆರೂಳ್ ಹೊಸಬ

ದಾಖಲೆಗೆ ಒಂದು ಶೀಟ್ ಮಾಡಿದ್ದೀನಿ. ಊರು, ಮಾಡಿದವರು, ವರ್ಷ, ಸ್ಟಾಪ್‌ಗಳು, ಈಗ ನುಡಿಯುತ್ತಾ ಇಲ್ವಾ, ಯಾರು ನೋಡಿಕೊಳ್ತಾರೆ. ಇಗರ್ಜಿಯವರು ಬೇಡ ಅಂದ್ರೆ ಹೆಸರು ಮರೆಸೋಕೂ ಒಂದು ಕಲಂ ಇದೆ. ಲಿಂಕ್ ಗುಂಪಿನ ಮೇಲ್ಗಡೆ ಪಿನ್ ಮಾಡಿದ್ದೀನಿ.

ಡೊಂಬಿವಲಿ ಇಂಜಿನಿಯರ್

ತೇವ, ಶಾಖ ಬರೆಯೋಕೆ ಎರಡು ಕಲಂ ಸೇರಿಸಪ್ಪ. ಯಾವ ತಿಂಗಳು ಅನ್ನೋದೂ ಬೇಕು. ಮಳೆಗಾಲದಲ್ಲಿ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ ಅದೇ ವಾದ್ಯವನ್ನ ನೋಡಿದರೆ ಮಾತ್ರ ಅದರ ಆರೋಗ್ಯ ಗೊತ್ತಾಗೋದು.

ವಾಸ್ಕೋ ಬಡಗಿ

ನಾ ಹೇಳಿದ ಇಗರ್ಜಿ ಫಾದರ್ ಜೋಡಿ ಮಾತಾಡಿದೆ. ಬರೂ ಐತ್ವಾರ ಪೂಜಿ ಮುಗದ ಮ್ಯಾಲೆ ಬರ್ರಿ ಅಂದಾರ. ಮರದ ತೇವಾ ಅಳಿಯೂ ಮೀಟರ್, ಏಣಿ, ಟಾರ್ಚ್ ನನ್ನ ಕಡೆ ಅದಾವು. ಸ್ಟಾಪ್ ಮ್ಯಾಲಿನ ಅಕ್ಷರಾ ನನಗ ಓದಾಕ ಬರಂಗಿಲ್ಲ, ಪೋರ್ಚುಗೀಸ ಇರಬೇಕು. ಯಾರ್ ಬರ್ತೀರಿ?

ಪಣಜಿ ಓದುಗ

ನಾನು ಬರುತ್ತೇನೆ. ಪೋರ್ಚುಗೀಸ್ ಓದಬಲ್ಲೆ. ಅಟ್ಟದ ಹಲಗೆ ಇಬ್ಬರ ಭಾರ ತಡೆಯುತ್ತದೆಯೇ, ನೀವೇ ಹಾಕಿದ್ದಲ್ಲವೇ?

ವಾಸ್ಕೋ ಬಡಗಿ

ನಾನ ಹಾಕಿದ್ದ ಸರ, ನಾಲ್ಕ ಮಂದಿ ನಿಂತ್ರೂ ತಡೀತೈತಿ. ಹತ್ತ ಗಂಟೇಕ ಬರ್ರಿ.